ಪಡಸಾಲೆಯ ಪರದೇಶಿ ಗೃಹಸ್ಥ

ಯಾರ ಮನೆಯ ಪಡಸಾಲೆಗೆ ಹೋದರೂ ಗೋಡೆಯ ಮೇಲೆ ನಾಲ್ಕಾರು ಭಾವಚಿತ್ರಗಳು ಕಣ್ಣಿಗೆ ಬೀಳುವವು. ದೇವರ ಪಟಗಳ ಕೆಳಗೆ ಹಿರಿಯರ ಸಾಲು. ಕೆಲವಕ್ಕೆ ಗಂಧದ ಹಾರ, ಕೆಲವಕ್ಕೆ ಬರಿಯ ಕುಂಕುಮದ ಬೊಟ್ಟು. ಬಂದ ಅತಿಥಿಗಳು ಎಲೆಯಡಿಕೆ ಹಾಕಿಕೊಳ್ಳುತ್ತ “ಇವರು ಯಾರು?” ಎಂದು ಕೇಳುವದೂ, ಮನೆಯವರು ಒಬ್ಬೊಬ್ಬರ ಕಥೆಯನ್ನು ಹೇಳುವದೂ ನಮ್ಮಲ್ಲಿ ನಡೆದುಬಂದ ರೂಢಿ. ಲೋಂಡಾದ ನಮ್ಮ ಮನೆಯ ಸಾಲಿನಲ್ಲಿ ಮಾತ್ರ ಯಾರಿಗೂ ಕಥೆ ಗೊತ್ತಿಲ್ಲದ ಒಬ್ಬ ಗೃಹಸ್ಥನಿದ್ದನು. ಕಪ್ಪು ಉಡುಪು, ಬಿಳಿಯ ಕೊರಳಪಟ್ಟಿ, ಕೆದರಿದ ಕೂದಲು, ಮೀಸೆ, ಗಡ್ಡ, ಕೆಂಪೇರಿದ ಕೆನ್ನೆ, ಎದೆಯ ಮೇಲೆ ಸುತ್ತುಸುತ್ತಾಗಿ ಇಳಿಬಿದ್ದ ಬಂಗಾರದ ಸರಪಳಿ, ಈಗತಾನೆ ಯಾರೊಡನೆಯೋ ನಕ್ಕು ಮಾತನಾಡಿದವನಂಥ ಮುಖ! ಚಿಕ್ಕವರಿದ್ದಾಗ ನಾವು ಅವನನ್ನು ‘ಸರಪಳಿ ಸಾಹೇಬ’ ಎಂದು ಕರೆಯುತ್ತಿದ್ದೆವು.

ಲೋಂಡಾ ಎಂಬದು ಖಾನಾಪುರ ತಾಲೂಕಿನಲ್ಲಿ, ಸಹ್ಯಾದ್ರಿಯ ಕಾಡಿನ ಅಂಚಿನಲ್ಲಿರುವ ಚಿಕ್ಕ ಊರು. ಬೆಳಗಾವಿಯ ಕಡೆಯಿಂದಲೂ ಧಾರವಾಡದ ಕಡೆಯಿಂದಲೂ ಬರುವ ರೈಲುದಾರಿಗಳು ಇಲ್ಲಿ ಕೂಡಿ, ಕ್ಯಾಸಲ್‌ರಾಕಿನ ಮೇಲಿಂದ ಘಟ್ಟವನ್ನಿಳಿದು ಗೋವೆಗೆ ಹೋಗುವವು. ನಮ್ಮ ತಂದೆಯವರು ಮೀಟರ್ ಗೇಜಿನ ಕಾಲದಲ್ಲಿ ಇಲ್ಲಿಯೇ ರೈಲ್ವೆಯ ಚಾಕರಿಯಲ್ಲಿದ್ದರು. 1947ರಲ್ಲಿ ಒಬ್ಬ ಬಿಳಿಯ ಅಧಿಕಾರಿಯು ಬಂಗಲೆಯನ್ನು ಬಿಟ್ಟು ತನ್ನ ನಾಡಿಗೆ ಹೊರಟಾಗ ಅವನ ಸಾಮಾನುಗಳ ಲಿಲಾವು ನಡೆಯಿತಂತೆ. ಇತರರು ಕುರ್ಚಿ ಮೇಜುಗಳನ್ನು ಕೊಂಡರು. ನಮ್ಮ ತಂದೆಯವರು ಸಾಗವಾನಿ ಚೌಕಟ್ಟಿನ ಆಸೆಗಾಗಿ ಈ ಪಟವನ್ನು ಕೊಂಡು ತಂದರು. ಅದು ಮೂಲ ತೈಲಚಿತ್ರವಲ್ಲ, ಕಾಗದದ ಮೇಲೆ ಬಣ್ಣದಲ್ಲಿ ಅಚ್ಚುಮಾಡಿದ ಪ್ರತಿ. ಚೌಕಟ್ಟಿಗೆ ತಕ್ಕ ಬೇರೆ ಚಿತ್ರ ಸಿಕ್ಕಾಗ ಹಾಕಿದರಾಯಿತೆಂದು ಹೇಳುತ್ತಲೇ ಅವರ ಕಾಲವೂ ಕಳೆಯಿತು. ಸಾಹೇಬನು ಅಲ್ಲಿಯೇ ಉಳಿದನು.

ನಮ್ಮ ಕಡೆಯ ಮಳೆ ಎಂಥದೆಂಬದು ಬಯಲುಸೀಮೆಯವರಿಗೆ ಹೇಳಿ ತಿಳಿಯುವಂಥದಲ್ಲ. ಆಷಾಢ ಶ್ರಾವಣಗಳಲ್ಲಿ ಉಪ್ಪು ನೀರಾಗುವದು, ಚರ್ಮದ ಚೀಲಗಳಿಗೆ ಬೂಷ್ಟು ಹಿಡಿಯುವದು. ಹೋದ ಮಳೆಗಾಲದಲ್ಲಿ ಸಾಹೇಬನ ಹಣೆಯ ಮೇಲೆಯೂ ಬೂಷ್ಟಿನ ಬಿಳಿಯ ಚುಕ್ಕೆಗಳೆದ್ದವು. ಗಾಜನ್ನು ತೆಗೆದು ಒರೆಸೋಣವೆಂದು ಹಿಂದಿನ ಹಲಗೆಯನ್ನು ಬಿಚ್ಚಿದೆನು. ಅದರ ಒಳಮೈಗೆ ಅಂಟಿಸಿದ ಒಂದು ಚೀಟಿಯಿತ್ತು. ಅದರಲ್ಲಿ ಚಿತ್ರಗಾರನ ಹೆಸರು, ಕುಳಿತವನ ಹೆಸರು, ಮೂಲ ಚಿತ್ರವಿರುವ ಮನೆಯ ಹೆಸರು ಮೂರೂ ಅಚ್ಚಾಗಿದ್ದವು. ಮಗ್ಗುಲಲ್ಲಿ ನಿಂತಿದ್ದ ಮೊಮ್ಮಗಳು ಅಕ್ಷರ ಅಕ್ಷರ ಕೂಡಿಸಿ ಓದಿ, “ಅಜ್ಜಾ, ಸರಪಳಿ ಸಾಹೇಬನಿಗೂ ಹೆಸರಿದೆ!” ಎಂದು ಮನೆಯವರನ್ನೆಲ್ಲ ಕೂಗಿ ಕರೆದಳು. ಅಂದಿನಿಂದ ಅವನ ಪೂರ್ವೋತ್ತರವನ್ನು ಹುಡುಕುವದೇ ನಮ್ಮಿಬ್ಬರ ಸಂಜೆಯ ಉದ್ಯೋಗವಾಯಿತು. ತಿಳಿದ ಸಂಗತಿಗಳನ್ನು ವಾಚಕರ ಮುಂದಿಡುತ್ತೇನೆ.

ಅವನ ಹೆಸರು ಪೀಟರ್ ವ್ಯಾನ್ ಡೆನ್ ಬ್ರೂಕ್. ಡಚ್ಚರ ಪೈಕಿ ಒಬ್ಬ ದೊಡ್ಡ ವ್ಯಾಪಾರಿ. ಚಿತ್ರವನ್ನು ಸುಮಾರು 1633ರಲ್ಲಿ ಬರೆದವನು ಹಾರ್ಲೆಮ್ ಪಟ್ಟಣದ ಫ್ರಾನ್ಸ್ ಹಾಲ್ಸ್. ಮೂಲ ತೈಲಚಿತ್ರವು ಎರಡೂಕಾಲು ಅಡಿಗಿಂತ ತುಸು ಎತ್ತರ, ಎರಡು ಅಡಿ ಅಗಲ. ಅದು ಈಗ ಲಂಡನ್ನಿನ ಕೆನ್‌ವುಡ್ ಭವನದಲ್ಲಿದೆ. ಐವಾ ಪ್ರಭುವೆಂಬ ಶ್ರೀಮಂತನು ಆ ಭವನವನ್ನೂ ತನ್ನ ಚಿತ್ರಗಳನ್ನೂ 1927ರಲ್ಲಿ ಸಾರ್ವಜನಿಕರಿಗಾಗಿ ಬಿಟ್ಟುಹೋದನು. ಅಲ್ಲಿ ರೆಂಬ್ರಾಂಟನು ಬರೆದ ಸ್ವಂತ ಭಾವಚಿತ್ರವೂ ಇದೆ. ಅಂಥ ದೊಡ್ಡವರ ನೆರೆಯಲ್ಲಿ ನಮ್ಮ ಸಾಹೇಬನೂ ನಗುತ್ತ ಕುಳಿತಿದ್ದಾನೆ.

ಚಿತ್ರಗಾರನೂ ವ್ಯಾಪಾರಿಯೂ ಹುಟ್ಟಿದ್ದು ಒಂದೇ ಊರಿನಲ್ಲಿ, ಎಂದರೆ ಆಂಟ್‌ವರ್ಪಿನಲ್ಲಿ. ವ್ಯಾನ್ ಡೆನ್ ಬ್ರೂಕನು ಹುಟ್ಟಿದ 1585ನೆಯ ಇಸವಿಯಲ್ಲಿಯೇ ಆ ಪಟ್ಟಣವು ಸ್ಪೇನಿನ ಸೈನ್ಯದ ವಶವಾಯಿತು. ಸಾವಿರಾರು ಕುಟುಂಬಗಳು ಗಂಟು ಕಟ್ಟಿಕೊಂಡು ಉತ್ತರದ ಡಚ್ ಪಟ್ಟಣಗಳಿಗೆ ಓಡಿದವು. ಅರಿವೆಯ ಕೆಲಸದವನ ಮಗನಾದ ಹಾಲ್ಸನೂ ಹೀಗೆಯೇ ಹಾರ್ಲೆಮ್ಮಿಗೆ ಬಂದವನು. ಊರು ಬಿಟ್ಟುಬಂದವರ ಮಕ್ಕಳಲ್ಲಿ ಒಬ್ಬನು ಕುಂಚವನ್ನು ಹಿಡಿದನು, ಇನ್ನೊಬ್ಬನು ಹಡಗನ್ನು ಹತ್ತಿದನು.

ಹಡಗು ಹತ್ತಿದವನು ಮೊದಲು ಆಫ್ರಿಕದ ಪಶ್ಚಿಮ ದಂಡೆಯಲ್ಲಿ ಆನೆದಂತ ಮುಂತಾದವುಗಳ ವ್ಯಾಪಾರವನ್ನು ಕಲಿತನು. ಡಚ್ಚರ ಪೂರ್ವದೇಶದ ಕಂಪನಿಯು 1602ರಲ್ಲಿ ಹುಟ್ಟಿತ್ತು. ಅದರ ಚಾಕರಿಗೆ ಸೇರಿ ಅವನು ಅರಬಸ್ಥಾನದ ಮೋಖಾ ಬಂದರಕ್ಕೆ ಹೋದನು. ಅಲ್ಲಿ ಜನರು ಕರಿಯ ಬೀಜದ ಕಷಾಯವನ್ನು ಬಿಸಿಬಿಸಿಯಾಗಿ ಕುಡಿಯುವದನ್ನು ಕಂಡು ತಾನೂ ರುಚಿ ನೋಡಿದನು. ಕಾಫಿಯ ರುಚಿಯನ್ನು ಕಂಡ ಮೊದಲ ಡಚ್ಚರಲ್ಲಿ ಇವನೊಬ್ಬನೆಂದು ಎಣಿಸುತ್ತಾರೆ. ಚಿಕ್ಕಮಗಳೂರಿನ ಗಿರಿಗೆ ಬಾಬಾಬುಡನ್ ಅವರು ಏಳು ಬೀಜಗಳನ್ನು ತಂದರೆಂಬ ಐತಿಹ್ಯದಲ್ಲಿ ಬರುವದೂ ಆ ಅರಬಸ್ಥಾನದ ಯೆಮೆನ್ ಸೀಮೆಯೇ. ಬೆಳಗಿನ ಬಟ್ಟಲನ್ನು ಕೈಯಲ್ಲಿ ಹಿಡಿದು ನಮ್ಮ ಮನೆಯವರು, “ಹಾಗಾದರೆ ಇವನಿಗೂ ನಮಗೂ ಒಂದು ನಂಟಾಯಿತು” ಎಂದರು.

ನಂಟು ಅಷ್ಟಕ್ಕೇ ಮುಗಿಯಲಿಲ್ಲ. 1617ರಲ್ಲಿ ಗುಜರಾತದ ದಂಡೆಯ ಬಳಿ ಇವನ ಹಡಗುಗಳು ಒಡೆದುಹೋದವು. ಡಚ್ಚರ ನೆಲೆಯಾದ ಮಚಲೀಪಟ್ಟಣವಿರುವದು ಮೂಡಣ ಕಡಲಿನ ದಂಡೆಯಲ್ಲಿ. ಹಡಗಿಲ್ಲದ ಮೇಲೆ ಕಾಲೇ ಗತಿ. ಸಂಗಡಿಗರನ್ನು ಕೂಡಿಸಿಕೊಂಡು ಅವನು ಸುರತೆಯಿಂದ ದಖ್ಖಣವನ್ನು ಅಡ್ಡ ಹಾಯ್ದು ನೆಲದ ದಾರಿಯಿಂದಲೇ ನಡೆದನು. ದಾರಿಯಲ್ಲಿ ಅಹಮದನಗರದ ರಾಜ್ಯವನ್ನು ನಡೆಯಿಸುತ್ತಿದ್ದ ಮಲಿಕಂಬರನನ್ನು ಕಂಡನು. ಮಲಿಕಂಬರನು ಹಬಸಿ ದೇಶದಿಂದ ಬಾಲ್ಯದಲ್ಲಿಯೇ ಗುಲಾಮನಾಗಿ ಮಾರಲ್ಪಟ್ಟು, ಕೈಯಿಂದ ಕೈಗೆ ಬಂದು, ಕಡೆಗೆ ಮೊಗಲರ ದಂಡುಗಳನ್ನೇ ತಡೆದು ನಿಲ್ಲಿಸಿದ ವೀರ. ಅವನ ಗಂಭೀರ ಮುಖವನ್ನೂ ಆಳಿಕೆಯ ಶಿಸ್ತನ್ನೂ ಈ ಡಚ್ ವ್ಯಾಪಾರಿಯು ಮೆಚ್ಚಿ ಬರೆದಿಟ್ಟಿದ್ದಾನೆ. ಮಲಿಕಂಬರನ ರೂಪವನ್ನು ಕುರಿತು ಇತಿಹಾಸಕಾರರಿಗೆ ದೊರೆತ ಕಣ್ಣಾರೆ ಕಂಡವರ ಬರಹಗಳಲ್ಲಿ ಇದೂ ಒಂದು.

ಆ ಕಾಲಕ್ಕೆ ನಮ್ಮ ಬೆಳಗಾವಿ ಸೀಮೆಯು ವಿಜಾಪುರದ ಆದಿಲಶಾಹಿಗೆ ಸೇರಿತ್ತು. ಸಿಂಹಾಸನದ ಮೇಲಿದ್ದವನು ಎರಡನೆಯ ಇಬ್ರಾಹಿಮನು. ಸಂಗೀತ ಚಿತ್ರಕಲೆಗಳ ಹುಚ್ಚಿನವನು, ಪ್ರಜೆಗಳಿಂದ ಜಗದ್ಗುರುವೆನಿಸಿಕೊಂಡವನು. ಅವನ ದರಬಾರಿನಲ್ಲಿ 1610ರ ಸುಮಾರಿನಿಂದ ಕಾರ್ನೆಲಿಸ್ ಹೆಡಾ ಎಂಬ ಡಚ್ ಚಿತ್ರಗಾರನಿದ್ದನು. ಈ ಹೆಡಾ ಸಹ ಹಾಲ್ಸನ ಊರಾದ ಹಾರ್ಲೆಮ್ಮಿನವನೇ! ಪ್ರಾಗ್ ಪಟ್ಟಣದ ಬಾದಶಹನ ಬಳಿ ಕೆಲಸಮಾಡಿ, ಪರ್ಶಿಯಕ್ಕೆಂದು ಹೊರಟು, ನಡುದಾರಿಯಲ್ಲಿ ಪೋರ್ತುಗೀಜರ ಕೈಗೆ ಸಿಕ್ಕು, ಕಡೆಗೆ ವಿಜಾಪುರವನ್ನು ಸೇರಿದನು. ಸುಮಾರು 1622ರಲ್ಲಿ ತೀರಿಕೊಂಡನು. ಇವನದೇ ಎಂದು ನಿಶ್ಚಯವಾಗಿ ಹೇಳಬಹುದಾದ ಒಂದು ಚಿತ್ರವೂ ಇಂದು ಉಳಿದಿಲ್ಲ. ಇಬ್ರಾಹಿಮನು ವಿಜಾಪುರದ ಪಡುವಲಿಗೆ ಆಸೆಪಟ್ಟು ಕಟ್ಟಿಸಿದ ನವರಸಪುರವನ್ನು 1624ರಲ್ಲಿ ಮಲಿಕಂಬರನೇ ಬಂದು ಸೂರೆಮಾಡಿದನು. ವಿಜಾಪುರದ ಅಸಾರಮಹಲಿಗೆ ಹೋದವರು ಅಲ್ಲಿಯ ಗೋಡೆಗಳ ಮೇಲೆ ಯುರೋಪದ ಮಾದರಿಯ ಮಾಸಿದ ಚಿತ್ರಗಳನ್ನು ಕಾಣಬಹುದು. ಅವು ಹೆಡಾನು ಸತ್ತ ತರುವಾಯದವು. ಆದರೂ ಪಶ್ಚಿಮದ ಚಿತ್ರರೀತಿಯು ಕನ್ನಡ ನೆಲದಲ್ಲಿ ಅಷ್ಟು ಹಿಂದೆಯೇ ಕಾಲೂರಿತ್ತೆಂಬದಕ್ಕೆ ಸಾಕ್ಷಿಯಾಗಿವೆ.

1637ರಲ್ಲಿ ಡಚ್ಚರ ರಾಯಭಾರಿಯೊಬ್ಬನು ವಿಜಾಪುರಕ್ಕೆ ಬಂದು, ಘಟ್ಟದ ಕೆಳಗಿನ ವೆಂಗುರ್ಲೆಯಲ್ಲಿ ವಖಾರವನ್ನು ಕಟ್ಟಲು ಅಪ್ಪಣೆ ಪಡೆದನು. ಗೋವೆಯನ್ನು ಮುತ್ತಿದ ಡಚ್ ಹಡಗುಗಳಿಗೆ ನೀರು, ಅಕ್ಕಿ, ಸುದ್ದಿ ಎಲ್ಲವೂ ಅಲ್ಲಿಂದಲೇ ಹೋಗುತ್ತಿದ್ದವು. ಮರಾಠಿ ಕಾಗದಪತ್ರಗಳಲ್ಲಿ ಡಚ್ಚರಿಗೆ ‘ವಲಂದೇಜ’ರೆಂಬ ಹೆಸರುಂಟು. ಅವರ ವಖಾರದ ಹಾಳುಗೋಡೆಗಳು ಇಂದಿಗೂ ವೆಂಗುರ್ಲೆಯಲ್ಲಿ ನಿಂತಿವೆ. ರೈಲು ಬರುವದಕ್ಕೆ ಮುಂಚೆ ಬೆಳಗಾವಿಯ ವ್ಯಾಪಾರಕ್ಕೆಲ್ಲ ವೆಂಗುರ್ಲೆಯೇ ಬಂದರವಾಗಿತ್ತೆಂಬದನ್ನು ನಮ್ಮ ಹಿರಿಯರು ಹೇಳುತ್ತಿದ್ದರು.

ಇನ್ನು ತೈಲಚಿತ್ರವೆಂದರೇನೆಂಬದನ್ನು ಗೃಹಿಣಿಯರಿಗೆ ಒಂದು ಮಾತಿನಲ್ಲಿ ಹೇಳಬಹುದು: ಅದು ಅಗಸಿಯ ಮಹಿಮೆ. ರೊಟ್ಟಿಯ ಜೊತೆಗೆ ನಾವು ತಿನ್ನುವ ಅಗಸಿ ಹಿಂಡಿಯ ಅಗಸಿಯೇ ಅದು. ಆ ಗಿಡದ ನಾರಿನಿಂದ ನೇಯ್ದ ಅರಿವೆಯನ್ನು ಮರದ ಚೌಕಟ್ಟಿಗೆ ಬಿಗಿದು, ಅಂಟು ಬಳಿದು, ಅಸ್ತರಿ ಹಚ್ಚುತ್ತಾರೆ. ಅದೇ ಗಿಡದ ಬೀಜದ ಎಣ್ಣೆಯಲ್ಲಿ ಬಣ್ಣದ ಪುಡಿಯನ್ನು ಅರೆದು ಕುಂಚದಿಂದ ಬರೆಯುತ್ತಾರೆ. ಶೇಂಗಾ ಎಣ್ಣೆಯು ಎಷ್ಟು ದಿನ ತೆರೆದಿಟ್ಟರೂ ಜಿಡ್ಡಾಗಿಯೇ ಉಳಿಯುವದು. ಅಗಸಿ ಎಣ್ಣೆಯಾದರೋ ಗಾಳಿಯೊಳಗಿನ ಪ್ರಾಣವಾಯುವನ್ನು ಹೀರಿ ಮೆಲ್ಲಮೆಲ್ಲನೆ ಗಟ್ಟಿಯಾಗಿ, ಬಣ್ಣವನ್ನು ತನ್ನೊಳಗೆ ಹಿಡಿದುಕೊಂಡು ತೊಗಲಿನಂತೆ ನಿಲ್ಲುವದು. ಹೀಗಾಗಿ ಒಂದು ಪದರಿನ ಮೇಲೆ ಇನ್ನೊಂದು ಪದರನ್ನು ಎಳೆಯಬಹುದು, ನೂರಾರು ವರ್ಷ ಬಾಳಿಸಲೂಬಹುದು.

ಹಾಲ್ಸನ ಕೈವಾಡವು ಇನ್ನೂ ಬೇರೆ. ಒಂದು ಪದರು ಒಣಗುವ ಮೊದಲೇ ಹಸಿಯ ಮೇಲೆ ಹಸಿಯಾಗಿ, ಬೇಗಬೇಗನೆ ಗೀರುಗಳನ್ನು ಎಳೆಯುವನು. ಹತ್ತಿರ ನಿಂತು ನೋಡಿದರೆ ಬಣ್ಣದ ಗೆರೆಗಳ ಗೊಂದಲ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಅದೇ ಅರಿವೆ, ಅದೇ ಚರ್ಮ, ಅದೇ ಬಂಗಾರ. ಕಪ್ಪು ಉಡುಪೆಂದರೆ ಬಡವರ ಉಡುಪೆಂದು ಯಾರೂ ತಿಳಿಯಬಾರದು. ಅಚ್ಚಗಪ್ಪು ಬಣ್ಣವನ್ನು ಅರಿವೆಗೆ ಕೂಡಿಸುವದು ಆಗ ಬಹಳ ವೆಚ್ಚದ ಕೆಲಸ. ಶ್ರೀಮಂತರೇ ಅದನ್ನು ತೊಡುತ್ತಿದ್ದರು. ವ್ಯಾನ್ ಗೋ ಎಂಬ ಚಿತ್ರಗಾರನು 1885ರಲ್ಲಿ ತಮ್ಮನಿಗೆ ಬರೆದ ಕಾಗದದಲ್ಲಿ ಹಾಲ್ಸನ ಬಳಿ ಇಪ್ಪತ್ತೇಳು ಬಗೆಯ ಕಪ್ಪುಗಳಿದ್ದವೆಂದು ಹೊಗಳಿದ್ದಾನೆ. ನಮ್ಮ ಅಚ್ಚಿನ ಪ್ರತಿಯಲ್ಲಿ ಇದೊಂದೂ ಕಾಣದು. ಮಳೆಗಾಲದ ಎಪ್ಪತ್ತಕ್ಕೂ ಹೆಚ್ಚು ಸರತಿಗಳು ಅವನ ಕಪ್ಪನ್ನೆಲ್ಲ ಒಂದೇ ಕಂದಾಗಿ ಮಾಡಿವೆ.

ಆ ಬಂಗಾರದ ಸರಪಳಿಯ ಕಥೆಯನ್ನು ಈಗ ಹೇಳಬೇಕು. 1620ರಿಂದ 1629ರ ವರೆಗೆ ವ್ಯಾನ್ ಡೆನ್ ಬ್ರೂಕನು ಸುರತೆಯಲ್ಲಿ ಡಚ್ ವ್ಯಾಪಾರದ ಮುಖ್ಯಸ್ಥನಾಗಿದ್ದನು. ನೀಲಿಯನ್ನೂ ಅರಿವೆಗಳನ್ನೂ ಕೊಂಡು ಹಡಗು ತುಂಬಿಸುವದು ಅವನ ಕೆಲಸ. ಅವನು ಊರಿಗೆ ಮರಳಿದಾಗ, ಹದಿನೇಳು ವರ್ಷಗಳ ಸೇವೆಗೆ ಮೆಚ್ಚಿ ಕಂಪನಿಯು 1,200 ಗಿಲ್ಡರ್ ಬೆಲೆಯ ಸರಪಳಿಯನ್ನು ಉಡುಗೊರೆ ಕೊಟ್ಟಿತು. ಅದನ್ನೇ ಎದೆಯ ಮೇಲೆ ಹಾಕಿಕೊಂಡು ಅವನು ಹಾಲ್ಸನ ಮುಂದೆ ಕುಳಿತನು. ಅದೇ ಚಿತ್ರವನ್ನು ತಾಮ್ರದ ತಗಡಿನಲ್ಲಿ ಕೆತ್ತಿಸಿ, 1634ರಲ್ಲಿ ಹಾರ್ಲೆಮ್ಮಿನಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿಯೂ ಸೇರಿಸಿದನು. 1640ರಲ್ಲಿ ಮಲಾಕ್ಕಾದ ಮುತ್ತಿಗೆಯ ಕಾಲದಲ್ಲಿ ಆ ಕಡಲಿನಲ್ಲಿಯೇ ತೀರಿಕೊಂಡನು.

ಸರಪಳಿಯನ್ನು ಬರೆದವನ ಗತಿಯೇನು? 1654ರಲ್ಲಿ ಒಬ್ಬ ರೊಟ್ಟಿಯ ಅಂಗಡಿಯವನ ಸಾಲಕ್ಕಾಗಿ ಹಾಲ್ಸನ ಮನೆಯ ಸಾಮಾನುಗಳ ಪಟ್ಟಿಯಾಯಿತು. ಅದರಲ್ಲಿ ಇದ್ದದ್ದು ಕೆಲವು ಹಾಸಿಗೆಗಳು, ಒಂದು ಕಪಾಟು, ಒಂದು ಮೇಜು, ಐದು ಚಿತ್ರಗಳು. ಮುಪ್ಪಿನಲ್ಲಿ ಪಟ್ಟಣದವರು ಕನಿಕರಪಟ್ಟು ವರ್ಷಕ್ಕೆ 200 ಗಿಲ್ಡರುಗಳ ಪಿಂಚಣಿಯನ್ನು ಗೊತ್ತುಮಾಡಿದರು. ಮೊಮ್ಮಗಳು ಲೆಕ್ಕ ಹಾಕಿ, “ಸರಪಳಿಯೊಂದರಿಂದ ಚಿತ್ರಗಾರನು ಆರು ವರ್ಷ ಉಣ್ಣಬಹುದಿತ್ತು” ಎಂದಳು. 1666ರಲ್ಲಿ ಅವನು ತೀರಿಕೊಂಡನು.

ಸರಪಳಿಯ ಬಂಗಾರವು ಎಲ್ಲಿಂದ ಬಂತೆಂಬದು ಅದಕ್ಕಿಂತಲೂ ಕಠಿಣವಾದ ಪ್ರಶ್ನೆ. ಹಿಂದುಸ್ಥಾನದ ನೇಕಾರರ ಅರಿವೆಯನ್ನು ಕೊಂಡು, ಅದನ್ನು ಮೂಡಣ ದ್ವೀಪಗಳಿಗೆ ಒಯ್ದು ಲವಂಗ ಜಾಯಿಕಾಯಿಗಳಿಗೆ ಬದಲಾಯಿಸಿ, ಅವುಗಳನ್ನು ಯುರೋಪದಲ್ಲಿ ಹಲವು ಪಟ್ಟು ಬೆಲೆಗೆ ಮಾರುವದು ಕಂಪನಿಯ ವ್ಯಾಪಾರ. ಜಾಯಿಕಾಯಿ ಬೆಳೆಯುವ ಬಾಂಡಾ ದ್ವೀಪದವರು ತಮಗೆ ಬೇಕಾದವರಿಗೆ ಮಾರುತ್ತಿದ್ದರೆಂಬ ಕಾರಣಕ್ಕೆ 1621ರಲ್ಲಿ ಆ ಕಂಪನಿಯ ಗವರ್ನರನು ದಂಡೆತ್ತಿ ಹೋಗಿ ಸಾವಿರಾರು ಜನರನ್ನು ಕೊಲ್ಲಿಸಿದನು. ಉಳಿದವರನ್ನು ಗುಲಾಮರನ್ನಾಗಿ ಸಾಗಿಸಿದನು. ತೋಟಗಳಲ್ಲಿ ದುಡಿಯಲು ಬೇರೆ ಕಡೆಯ ಗುಲಾಮರನ್ನು ತಂದಿಟ್ಟನು. ನಮ್ಮ ಮೂಡಣ ದಂಡೆಯ ಪಳವೇರ್ಕಾಡಿನಿಂದಲೂ ಆ ದಶಕದಲ್ಲಿ ಗುಲಾಮರ ಹಡಗುಗಳು ಹೋದವು. ಸಾಹೇಬನು ಬಾಂಡಾದ ಕತ್ತಿಯನ್ನು ತಾನೇ ಹಿಡಿದವನಲ್ಲ. ಅವನು ಆ ವರ್ಷ ಸುರತೆಯಲ್ಲಿದ್ದನು. ಆದರೆ ಕತ್ತಿ ಹಿಡಿದ ಕಂಪನಿಯ ಬೊಕ್ಕಸದಿಂದಲೇ ಸರಪಳಿ ಬಂತು. ಗುಲಾಮನಾಗಿ ಮಾರಾಟವಾದ ಮಲಿಕಂಬರನನ್ನು ಕಂಡು ಮೆಚ್ಚಿದವನೂ, ಗುಲಾಮರನ್ನು ಸಾಗಿಸಿದ ಕಂಪನಿಯ ಉಡುಗೊರೆಯನ್ನು ತೊಟ್ಟವನೂ ಒಬ್ಬನೇ.

ಇದೆಲ್ಲ ತಿಳಿದ ದಿನ ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಾಗ ದೊಡ್ಡ ಚರ್ಚೆಯಾಯಿತು. ಸೊಸೆಯು ಶಾಲೆಯಲ್ಲಿ ಕಲಿಸುವವಳು, “ಮಾವನವರೇ, ಇಂಥವನನ್ನು ಹಿರಿಯರ ಸಾಲಿನಲ್ಲಿ ಇಟ್ಟುಕೊಂಡು ಮಕ್ಕಳಿಗೆ ಏನು ಹೇಳೋಣ?” ಎಂದಳು. ಮಗನು, “ಇದು ಚಿತ್ರ, ಪೂಜೆಯ ಮೂರ್ತಿಯಲ್ಲ. ಕಲೆಯನ್ನು ಕಲೆಯೆಂದೇ ನೋಡಬೇಕು” ಎಂದನು. ತಂದೆಯವರು ತಂದದ್ದನ್ನು ತೆಗೆಯಲು ನನ್ನ ಕೈ ಬಾರದು. ಆಗ ಖಾನಾಪುರದಿಂದ ಬಂದಿದ್ದ ನಮ್ಮ ಅಕ್ಕನು, ಅಷ್ಟು ಹೊತ್ತು ಸುಮ್ಮನಿದ್ದವಳು, ಮೆಲ್ಲನೆ ಕೇಳಿದಳು: “ಅವ್ವನ ಚಿತ್ರ ಎಲ್ಲಿ ಐತಿ ತಮ್ಮಾ?”

ನಮ್ಮ ಅವ್ವನ ಭಾವಚಿತ್ರವೇ ಇಲ್ಲ. ನಾವು ಚಿಕ್ಕವರಿದ್ದಾಗಲೇ ಅವಳು ತೀರಿಕೊಂಡಳು; ಅವಳ ಫೋಟೋ ತೆಗೆಯಿಸಬೇಕೆಂದು ಯಾರಿಗೂ ತೋಚಿರಲಿಲ್ಲ. ತಂದೆಯವರ ಮುಖವಾದರೂ ಸ್ಟೇಶನ್ನಿನ ನೌಕರರೆಲ್ಲ ಸಾಲಾಗಿ ನಿಂತ ಒಂದು ಪಟದಲ್ಲಿ ಉಳಿದಿದೆ. ಅವ್ವನ ಮುಖವು ಅಕ್ಕನ ನೆನಪಿನಲ್ಲಿ ತುಸು, ನನ್ನ ನೆನಪಿನಲ್ಲಿ ಅದಕ್ಕಿಂತ ಕಡಿಮೆ. ನಾಲ್ಕು ನೂರು ವರ್ಷದ ಹಿಂದಿನ ಪರದೇಶಿಯ ಕೆನ್ನೆಯ ಕೆಂಪನ್ನು ಕಣ್ಣು ಮುಚ್ಚಿ ಹೇಳಬಲ್ಲ ನಾನು, ಹೆತ್ತವಳ ಹಣೆಯ ಆಕಾರವನ್ನು ಹೇಳಲಾರೆ! ಊಟದ ತಟ್ಟೆಯ ಮುಂದೆ ಆ ಮಾತು ಹೊಳೆದಾಗ ನನ್ನ ಕೈ ನಿಂತುಹೋಯಿತು.

ಮರುದಿನ ಅಕ್ಕನು ತನ್ನ ಪೆಟ್ಟಿಗೆಯಿಂದ ಒಂದು ಖಣದ ತುಂಡನ್ನು ತರಿಸಿದಳು. ಅದು ಅವ್ವನು ಕಸೂತಿ ಹಾಕಿದ ಕುಪ್ಪಸದ ತುಂಡು. ಗೋಪುರ, ತೇರು, ಆನೆ. ಎಳೆಗಳನ್ನು ಎಣಿಸಿ ಎಣಿಸಿ, ಗಂಟು ಹಾಕದೆ, ಎರಡು ಮಗ್ಗುಲಿಗೂ ಒಂದೇ ರೀತಿ ಕಾಣುವಂತೆ ಹೊಲಿದ ಕೆಲಸ. ಒಂದು ಮೂಲೆಯಲ್ಲಿ ಆನೆಯ ಕಾಲು ಅರ್ಧಕ್ಕೇ ನಿಂತಿತ್ತು. ಸಾಗವಾನಿ ಚೌಕಟ್ಟಿನಿಂದ ಸಾಹೇಬನನ್ನು ತೆಗೆದು, ಅದರಲ್ಲಿ ಈ ಅರಿವೆಯನ್ನು ಬಿಗಿದು, ತಂದೆಯವರ ಮಗ್ಗುಲಿಗೆ ಇಟ್ಟೆವು. ಚೌಕಟ್ಟಿಗೆ ತಕ್ಕ ಚಿತ್ರವು ಸಿಕ್ಕಾಗ ಹಾಕಬೇಕೆಂದು ತಂದೆಯವರು ಹೇಳಿದ ಮಾತು ಹೀಗೆ ನಡೆಯಿತು.

ಸಾಹೇಬನನ್ನು ಹರಿದು ಒಗೆಯಲಿಲ್ಲ. ಸಾದಾ ಚೌಕಟ್ಟನ್ನು ಹಾಕಿಸಿ ಪುಸ್ತಕದ ಕಪಾಟಿನ ಪಕ್ಕದ ಗೋಡೆಗೆ ತೂಗಹಾಕಿದ್ದೇವೆ. ಅವನ ಕೆಳಗೆ ಮೊಮ್ಮಗಳು ದುಂಡಗಿನ ಅಕ್ಷರಗಳಲ್ಲಿ ಒಂದು ಕಾಗದವನ್ನು ಬರೆದು ಅಂಟಿಸಿದ್ದಾಳೆ: ಅವನ ಹೆಸರು, ಬರೆದವನ ಹೆಸರು, ದಖ್ಖಣದ ನಡಿಗೆ, ಮೋಖಾದ ಕಾಫಿ, ಸರಪಳಿಯ ಬೆಲೆ, ಬಾಂಡಾದ ಸುದ್ದಿ ಎಲ್ಲವೂ ಅದರಲ್ಲಿವೆ. ಬಂದವರು ಓದಿ, ತಮಗೆ ತೋಚಿದಂತೆ ತಿಳಿದುಕೊಳ್ಳಲಿ.

ಕಡೆಗೆ ವಾಚಕರಿಗೆ ಅನುಭವದ ಒಂದೆರಡು ಮಾತು. ಭಾವಚಿತ್ರಗಳನ್ನು ಮಳೆ ಬಡಿಯುವ ಹೊರಗೋಡೆಗೆ ತೂಗಹಾಕಬಾರದು, ಒಳಗೋಡೆಯೇ ಲೇಸು. ಗೋಡೆಗೂ ಚೌಕಟ್ಟಿಗೂ ನಡುವೆ ಬೂಚಿನ ತುಂಡುಗಳನ್ನಿಟ್ಟು ಗಾಳಿಯಾಡಗೊಡಬೇಕು. ಚಿತ್ರವು ಗಾಜಿಗೆ ತಗಲದಂತೆ ಅಂಚಿಗೆ ರಟ್ಟಿನ ಪಟ್ಟಿಯನ್ನು ಕೊಡಬೇಕು. ಚಿತ್ರದ ಮೇಲೆ ಒದ್ದೆ ಅರಿವೆಯನ್ನು ಎಂದಿಗೂ ಹಾಯಿಸಬಾರದು; ಮೆತ್ತಗಿನ ಒಣ ಕುಂಚದಿಂದ ಧೂಳನ್ನು ತೆಗೆದರೆ ಸಾಕು. ದೀಪದ ಹೊಗೆ ತಾಗುವ ಕಡೆ, ಬಿಸಿಲು ನೇರವಾಗಿ ಬೀಳುವ ಕಡೆ ಇಡಬಾರದು. ಬೆಲೆಯುಳ್ಳ ತೈಲಚಿತ್ರವಿದ್ದರೆ ಬಲ್ಲವರ ಕೈಗೇ ಕೊಡತಕ್ಕದ್ದು.

ಎಲ್ಲಕ್ಕೂ ಮಿಗಿಲಾದ ಮಾತು ಇನ್ನೊಂದಿದೆ. ಈ ಲೇಖನವನ್ನು ಓದಿ ಮುಗಿಸಿದ ಕೂಡಲೆ ಎದ್ದು, ನಿಮ್ಮ ಮನೆಯ ಪಟಗಳ ಹಿಂದಿನ ಹಲಗೆಗೆ ಅದರಲ್ಲಿರುವವರ ಹೆಸರು, ಊರು, ನಂಟಸ್ತಿಕೆ, ಇಸವಿಗಳನ್ನು ಬರೆದ ಚೀಟಿಯನ್ನು ಅಂಟಿಸಿರಿ. ಚಿತ್ರವಿಲ್ಲದ ಹಿರಿಯರ ಹೆಸರುಗಳನ್ನೂ ಅವುಗಳ ಜೊತೆಗೆ ಬರೆಯಿರಿ. ಹೇಳಬಲ್ಲವರು ಮನೆಯಲ್ಲಿ ಇರುವಾಗಲೇ ಕೇಳಿಕೊಂಡರೆ ಒಳಿತು. ನಮ್ಮ ಚೌಕಟ್ಟಿನ ಹಿಂದೆ ಅಕ್ಕನು ಹೇಳಿದಂತೆ ನಾನು ಬರೆದಿದ್ದೇನೆ: ಅವ್ವನ ಹೆಸರು, ತವರಿನ ಹೆಸರು, ಮತ್ತು ಅವಳು ಕಸೂತಿ ಹಾಕಲು ಕೂಡುತ್ತಿದ್ದದ್ದು ಸಂಜೆಯ ಗಾಡಿ ಹೋದ ಮೇಲೆ, ಹಿತ್ತಿಲ ಕಟ್ಟೆಯ ಮೇಲೆ ಎಂಬ ಸಂಗತಿ.